ಪರದೇಶಿ ಮಗು ಯಾವ ಬೆಂಚಿನಲ್ಲಿ ಕೂರಬೇಕು?

ಹಿಂದಿನ ಸಂಚಿಕೆಯಲ್ಲಿ ‘ಜಾಗತಿಕ ಪೌರತ್ವ ಶಿಕ್ಷಣ’ವನ್ನು, ಅಂದರೆ ತಾನು ತನ್ನ ದೇಶಕ್ಕಷ್ಟೇ ಅಲ್ಲ, ಇಡೀ ಜಗತ್ತಿಗೂ ಸೇರಿದ ಜನ ಎಂದು ಮಗುವಿಗೆ ಕಲಿಸುವುದನ್ನು, ಕುರಿತು ಒಂದೇ ಒಂದು ಸಾಲು ಬರೆದಿದ್ದೆ: ಏಷ್ಯಾದ ದೇಶಗಳು ಅದನ್ನು ತಮ್ಮ ತಮ್ಮ ಗಾಯಗಳಿಗೆ ತಕ್ಕಂತೆ ಅರ್ಥ ಮಾಡಿಕೊಂಡಿವೆ ಎಂದು. ಆ ಸಾಲನ್ನು ಹಿಡಿದು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ನಿವೃತ್ತಿಗೆ ಕೆಲವು ವರ್ಷ ಮೊದಲು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಎರಡು ವಾರ ಏಷ್ಯಾದ ಹಲವು ದೇಶಗಳ ಶಿಕ್ಷಕರ ಜೊತೆ ಕುಳಿತು ಕಲಿಯುವ ಅವಕಾಶ ಸಿಕ್ಕಿತ್ತು. ಅಲ್ಲಿ ಕೇಳಿದ ಮಾತುಗಳು, ಆಮೇಲೆ ಓದಿ ತಿಳಿದದ್ದು, ಇವೆರಡೇ ಈ ಉತ್ತರಗಳ ಆಧಾರ.

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ತರಬೇತಿಗೆ ಹೋದಲ್ಲೆಲ್ಲ ಈ ಪದ ಕಿವಿಗೆ ಬೀಳುತ್ತದೆ. ಇದು ಎಲ್ಲಿಂದ ಬಂತು? ಎಲ್ಲ ದೇಶಗಳಲ್ಲೂ ಇದಕ್ಕೆ ಒಂದೇ ಅರ್ಥವೇ?
— ಒಬ್ಬ ಶಿಕ್ಷಕಿ

ಒಂದೇ ಅರ್ಥವಲ್ಲ. ಪದ ಹಳೆಯದು, ಆದರೆ ಸರ್ಕಾರಗಳ ಕಡತಗಳಲ್ಲಿ ಅದು ಗಟ್ಟಿಯಾಗಿ ನೆಲೆ ನಿಂತದ್ದು 2012ರ ನಂತರ. ಆಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಅವರು ಶಿಕ್ಷಣಕ್ಕಾಗಿ ಒಂದು ಜಾಗತಿಕ ಅಭಿಯಾನ ಆರಂಭಿಸಿ ಮೂರು ಗುರಿಗಳನ್ನು ಇಟ್ಟರು. ಪ್ರತಿ ಮಗುವೂ ಶಾಲೆಗೆ ಬರಬೇಕು, ಬಂದ ಮಗು ನಿಜವಾಗಿ ಕಲಿಯಬೇಕು, ಕಲಿತ ಮಗುವಿನಲ್ಲಿ ಜಾಗತಿಕ ಪೌರಪ್ರಜ್ಞೆ ಬೆಳೆಯಬೇಕು. 2015ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ ವಿಶ್ವ ಶಿಕ್ಷಣ ಸಮಾವೇಶ ನಡೆಯಿತು. ಅದೇ ವರ್ಷ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಎಂಬ ಅಂಶದೊಳಗೆ ಈ ಪದ ಸೇರಿತು. ಬಾನ್ ಅವರೂ ಕೊರಿಯಾದವರೇ ಎಂಬುದನ್ನು ಗಮನಿಸಿ. ಯುನೆಸ್ಕೋ ಜೊತೆ ಒಪ್ಪಂದ ಮಾಡಿಕೊಂಡು, ಅಂತರರಾಷ್ಟ್ರೀಯ ತಿಳಿವಳಿಕೆಯ ಶಿಕ್ಷಣಕ್ಕೆಂದೇ ಏಷ್ಯಾ–ಪೆಸಿಫಿಕ್ ಕೇಂದ್ರವೊಂದನ್ನು 2000ದಲ್ಲೇ ಸೋಲ್‌ನಲ್ಲಿ ತೆರೆದದ್ದೂ ಕೊರಿಯಾವೇ. ಆದ್ದರಿಂದ ಇದು ಪಶ್ಚಿಮದವರು ಕಳುಹಿಸಿದ ಪಾರ್ಸೆಲ್ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅರ್ಥ ಎಲ್ಲಿ ಕವಲೊಡೆಯುತ್ತದೆ ಎಂದರೆ, ‘ಪೌರ’ ಎಂಬ ಪದದಲ್ಲೇ. ಕೊರಿಯನ್ನರು ಈ ಶಿಕ್ಷಣದ ವಿಷಯ ಮಾತನಾಡುವಾಗ ‘ಸಿಮಿನ್’ ಎನ್ನುತ್ತಾರೆ. ಅದರ ಮೂಲಾರ್ಥ ಪಟ್ಟಣದ ಜನ. ನಮ್ಮ ‘ಪೌರ’, ‘ನಾಗರಿಕ’ ಪದಗಳೂ ಪುರ, ನಗರಗಳಿಂದಲೇ ಬಂದವು. ಚೀನೀ ಭಾಷೆಯ ‘ಗೊಂಗ್‌ಮಿನ್’ ಎಂದರೆ ಸಾರ್ವಜನಿಕ ಜನ. ಜಪಾನಿನ ಸಂವಿಧಾನದಲ್ಲಿರುವುದು ‘ಕೊಕುಮಿನ್’, ಅಂದರೆ ದೇಶದ ಜನ. ನಾವಾದರೋ ದಿನಬಳಕೆಯಲ್ಲಿ ‘ಪ್ರಜೆ’ ಎನ್ನುತ್ತೇವೆ. ಸಂತಾನ ಎಂಬ ಅರ್ಥವೂ, ರಾಜನ ಅಧೀನದಲ್ಲಿರುವವನು ಎಂಬ ನೆನಪೂ ಅದರೊಳಗೆ ಇದೆ. ಪುರದ ಜನ ಎಂದರೆ ಆ ಪುರಕ್ಕೆ ಬಂದು ನೆಲೆಸಿದ ಯಾರೂ ಆಗಬಹುದು. ದೇಶದ ಜನ ಎಂದರೆ ಹಾಗಲ್ಲ. ಪದಗಳ ಜಿಜ್ಞಾಸೆ ಎಂದು ಇದನ್ನು ಬದಿಗೆ ಸರಿಸಬೇಡಿ. ಒಂದು ಪದದಿಂದ ಸಾವಿರಾರು ಮಕ್ಕಳು ಶಾಲೆಯ ಲೆಕ್ಕದಿಂದ ಹೊರಗುಳಿದ ಕಥೆಯನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಶಿಕ್ಷಣವನ್ನು ಹೆಸರಿಟ್ಟು ಹೇಳುತ್ತದೆ. ಆದರೆ ಹಾಗೆ ಹೇಳುವುದು ಉನ್ನತ ಶಿಕ್ಷಣದ ಭಾಗದಲ್ಲಿ. ನಿಮ್ಮ ಒಂಬತ್ತನೆಯ ತರಗತಿಗೆ ಅದನ್ನು ಹೇಗೆ ತರುವುದು ಎಂಬುದು ಸದ್ಯಕ್ಕೆ ನಿಮ್ಮ ಕೈಯಲ್ಲೇ ಇದೆ.

ಪ್ರಶ್ನೆ: ಎಂಟನೆಯ ತರಗತಿಯ ನನ್ನ ಮಗ ಶಾಲೆಯಿಂದ ಬಂದು “ಅಪ್ಪಾ, ನಾನು ವಿಶ್ವದ ಪ್ರಜೆ” ಎಂದ. ನನಗೆ ಹೆಮ್ಮೆಗಿಂತ ಆತಂಕವೇ ಆಯಿತು. ದೇಶದ ಮೇಲಿನ ಅಭಿಮಾನ ಇದರಿಂದ ತೆಳುವಾಗುವುದಿಲ್ಲವೇ? ಏಷ್ಯಾದ ಬಲಿಷ್ಠ ದೇಶಗಳು ಇದನ್ನು ಮಕ್ಕಳಿಗೆ ಕಲಿಸುತ್ತವೆಯೇ?
— ಇಬ್ಬರು ಮಕ್ಕಳ ತಂದೆ

ಕಲಿಸುತ್ತವೆ. ಆದರೆ ದೇಶವನ್ನು ಬದಿಗಿಟ್ಟು ಯಾರೂ ಕಲಿಸುವುದಿಲ್ಲ. ಸಿಂಗಪುರವನ್ನು ನೋಡಿ. 1997ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಕಾರ್ಯಕ್ರಮದಂತೆ ಶಾಲೆಗಳು ವರ್ಷಕ್ಕೆ ನಾಲ್ಕು ದಿನಗಳನ್ನು ಆಚರಿಸುತ್ತವೆ. ಫೆಬ್ರುವರಿ 15, ಅಂದರೆ 1942ರಲ್ಲಿ ಬ್ರಿಟಿಷರು ಜಪಾನಿಗೆ ಶರಣಾಗಿ ಆ ದ್ವೀಪ ಅನಾಥವಾದ ದಿನ. ಜುಲೈ 21, ಅಂದರೆ 1964ರಲ್ಲಿ ಮಲಯರ ಮತ್ತು ಚೀನೀಯರ ನಡುವೆ ಗಲಭೆ ಹೊತ್ತಿಕೊಂಡ ದಿನ. ಅದನ್ನೇ ಜನಾಂಗ ಸೌಹಾರ್ದ ದಿನ ಎಂದು ಕರೆದಿದ್ದಾರೆ. ಆಗಸ್ಟ್ 9 ರಾಷ್ಟ್ರೀಯ ದಿನ. ಇವುಗಳ ಜೊತೆಗೆ ನೆರೆದೇಶಗಳನ್ನು ಅರಿಯಲು ಒಂದು ಅಂತರರಾಷ್ಟ್ರೀಯ ಸ್ನೇಹ ದಿನ. ಸೋತ ದಿನವನ್ನೂ ಬಡಿದಾಡಿಕೊಂಡ ದಿನವನ್ನೂ ಮಕ್ಕಳ ಪಂಚಾಂಗದಲ್ಲಿ ಇಟ್ಟ ಆ ಧೈರ್ಯ ನನಗೆ ಬಹಳ ಇಷ್ಟ. ಅದೇ ಸಿಂಗಪುರ, ಹದಿನೈದು ವರ್ಷದ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ನಡೆಯುವ ಪೀಸಾ ಪರೀಕ್ಷೆಯಲ್ಲಿ 2018ರಲ್ಲಿ ಜಾಗತಿಕ ಸಾಮರ್ಥ್ಯವನ್ನು ಅಳೆದಾಗ ಎಲ್ಲರಿಗಿಂತ ಮುಂದಿತ್ತು. ದೇಶಾಭಿಮಾನದಿಂದ ಜಗತ್ತಿನ ಅರಿವು ಅಲ್ಲಿ ಕುಗ್ಗಲಿಲ್ಲ.

ಜಪಾನು 2006ರಲ್ಲಿ ತನ್ನ ಶಿಕ್ಷಣದ ಮೂಲ ಕಾಯಿದೆಯನ್ನು ತಿದ್ದಿ, ತಮ್ಮನ್ನು ಬೆಳೆಸಿದ ನಾಡು, ದೇಶಗಳನ್ನು ಪ್ರೀತಿಸುವುದು ಮತ್ತು ಇತರ ದೇಶಗಳನ್ನು ಗೌರವಿಸುವುದು, ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆಯಿತು. ಆ ವಾಕ್ಯದ ಮೊದಲ ಅರ್ಧ ಭಾಗ ಯುದ್ಧಕಾಲದ ದೇಶಭಕ್ತಿಯನ್ನು ಮರಳಿ ತರುತ್ತದೆಯೇ ಎಂದು ಅಲ್ಲಿನ ಬಹಳಷ್ಟು ಶಿಕ್ಷಕರು ಹೆದರಿದರು. ಇಂಡೊನೇಷ್ಯಾ 2020ರಲ್ಲಿ ವಿದ್ಯಾರ್ಥಿ ಹೇಗಿರಬೇಕು ಎಂದು ಹೇಳುವ ಆರು ಗುಣಗಳನ್ನು ಪಟ್ಟಿ ಮಾಡಿ ಅದಕ್ಕೆ ತನ್ನ ರಾಷ್ಟ್ರದ ಮೂಲ ತತ್ತ್ವವಾದ ‘ಪಂಚಶೀಲ’ದ ಹೆಸರನ್ನೇ ಇಟ್ಟಿತು. ಅದರಲ್ಲಿ ಒಂದು ‘ಬೆರ್‌ಕೆಬಿನೆಕಾನ್ ಗ್ಲೋಬಲ್’. ನಡುವಿನ ಆ ‘ಬಿನೆಕ’ವನ್ನು ಕಿವಿಗೊಟ್ಟು ಕೇಳಿ, ನಮ್ಮ ‘ಭಿನ್ನ’ವೇ ಅದು. ಭಿನ್ನವಾಗಿದ್ದೂ ಒಂದು ಎಂಬ ತಮ್ಮ ರಾಷ್ಟ್ರದ ಧ್ಯೇಯವಾಕ್ಯವನ್ನೇ ಅವರು ಜಗತ್ತಿನ ಅಳತೆಗೆ ಹಿಗ್ಗಿಸಿಕೊಂಡರು. ಸೋಲ್‌ನಲ್ಲಿ ನನ್ನ ಪಕ್ಕ ಕುಳಿತಿದ್ದ ಜಾವಾದ ಶಿಕ್ಷಕಿಯೊಬ್ಬರು, “ನಮ್ಮ ದೇಶದೊಳಗೇ ನೂರಾರು ಭಾಷೆಗಳಿವೆ, ನಮ್ಮ ಮಕ್ಕಳಿಗೆ ಪ್ರಪಂಚದ ಅಭ್ಯಾಸ ಮನೆಯ ಬಾಗಿಲಿಂದಲೇ ಆರಂಭವಾಗುತ್ತದೆ” ಎಂದಿದ್ದರು. ಭಾರತದವಳಾದ ನನಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿಮ್ಮ ಆತಂಕದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಕ್ಕಡಿ ಒಂದೇ ಕಡೆಗೆ ವಾಲುವುದೂ ಉಂಟು. ಚೀನಾ 2016ರಲ್ಲಿ ವಿದ್ಯಾರ್ಥಿಗಳ ಮೂಲ ಸಾಮರ್ಥ್ಯಗಳ ಪಟ್ಟಿಗೆ ‘ಅಂತರರಾಷ್ಟ್ರೀಯ ತಿಳಿವಳಿಕೆ’ಯನ್ನು ಸೇರಿಸಿತು. 2024ರ ಜನವರಿ 1ರಿಂದ ಅಲ್ಲಿ ದೇಶಭಕ್ತಿ ಶಿಕ್ಷಣಕ್ಕೇ ಪ್ರತ್ಯೇಕ ಕಾಯಿದೆ ಜಾರಿಯಲ್ಲಿದೆ. ಹಾಂಗ್‌ಕಾಂಗ್‌ನಲ್ಲಿ 2009ರಿಂದ ಹಿರಿಯ ಪ್ರೌಢಶಾಲೆಯ ಮಕ್ಕಳೆಲ್ಲರೂ ಓದುತ್ತಿದ್ದ, ಚರ್ಚೆಗೆ ಹೆಚ್ಚು ಜಾಗ ಕೊಟ್ಟಿದ್ದ ವಿಷಯವೊಂದನ್ನು 2021ರಲ್ಲಿ ತೆಗೆದು ಬೇರೆಯದನ್ನು ತಂದರು. ಜಗತ್ತಿನ ಬಗ್ಗೆ ಪಾಠ ಇದ್ದರೆ ಸಾಲದು, ಪಾಠದ ಮಧ್ಯೆ ಮಗು ಎದ್ದು ನಿಂತು ಪ್ರಶ್ನೆ ಕೇಳಬಹುದೇ ಎಂಬುದನ್ನು ನೋಡಬೇಕು. ನಿಮ್ಮ ಮಗ ಮನೆಗೆ ಬಂದು ನಿಮ್ಮ ಮುಂದೆ ಆ ಮಾತು ಆಡಿದ್ದಾನೆ. ಇನ್ನೂ ಎರಡು ಪ್ರಶ್ನೆ ಕೇಳಿ, ಅವನು ಏನು ಹೇಳುತ್ತಾನೆಂದು ಕೇಳಿಸಿಕೊಳ್ಳಿ.

ಪ್ರಶ್ನೆ: ‘ವಸುಧೈವ ಕುಟುಂಬಕಂ’ ನಮ್ಮದು. ‘ವಿಶ್ವಮಾನವ’ ನಮ್ಮದು. ಹೀಗಿರುವಾಗ ಕೊರಿಯಾದಿಂದಲೋ ಸಿಂಗಪುರದಿಂದಲೋ ನಾವು ಕಲಿಯುವುದೇನಿದೆ?
— ನಿವೃತ್ತ ಬ್ಯಾಂಕ್ ಅಧಿಕಾರಿ

ಮಾತು ನಮ್ಮದು, ಸಂದೇಹವಿಲ್ಲ. ಕುವೆಂಪು ಅವರ ಜನ್ಮದಿನವಾದ ಡಿಸೆಂಬರ್ 29ನ್ನು ವಿಶ್ವಮಾನವ ದಿನವೆಂದು ಆಚರಿಸುವಾಗ ನನಗೂ ಎದೆ ತುಂಬುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಅದಕ್ಕೊಂದು ಪಿರಿಯಡ್ ಇದೆಯೇ ಎಂಬುದೇ ಶಿಕ್ಷಕಿಯಾಗಿ ನನ್ನ ಪ್ರಶ್ನೆ.

ಮಾತನ್ನು ಶಾಲೆಯಾಗಿ ಮಾಡಿದವರು ನಮ್ಮಲ್ಲಿ ಇದ್ದರು. ರವೀಂದ್ರನಾಥ ಟ್ಯಾಗೋರರು 1916ರಲ್ಲಿ ಜಪಾನಿಗೆ ಹೋಗಿ ರಾಷ್ಟ್ರೀಯತೆಯ ಉನ್ಮಾದದ ವಿರುದ್ಧ ಮಾತನಾಡಿದರು. ಹೂಮಾಲೆ ಹಾಕಿ ಬರಮಾಡಿಕೊಂಡವರೇ ಆಮೇಲೆ ಮುಖ ತಿರುಗಿಸಿದರು. 1924ರಲ್ಲಿ ಚೀನಾಕ್ಕೆ ಹೋದಾಗ ಕೆಲವು ತರುಣರು ಅವರ ವಿರುದ್ಧ ಕರಪತ್ರ ಹಂಚಿದರು. ಅವರು ಬೇಸರಿಸಿ ಸುಮ್ಮನಾಗಲಿಲ್ಲ. 1921ರಲ್ಲಿ ಕಟ್ಟಿದ್ದ ವಿಶ್ವಭಾರತಿಯಲ್ಲಿ 1937ರಲ್ಲಿ ಚೀನಾ ಭವನ ತೆರೆದರು, ಅದನ್ನು ನಡೆಸಲು ಚೀನಾದ ವಿದ್ವಾಂಸ ತಾನ್ ಯುನ್‌ಶಾನ್ ಅವರನ್ನೇ ಕೂರಿಸಿದರು. ನೆರೆಯವರ ಭಾಷೆ, ಗ್ರಂಥಾಲಯ, ಮೇಷ್ಟರು, ಇಷ್ಟನ್ನು ಕೂಡಿಸಿದಾಗ ಮಾತು ಶಿಕ್ಷಣವಾಯಿತು. ಇಂದು ನಮ್ಮ ಎಷ್ಟು ಮಕ್ಕಳು ಬರ್ಮಾದ, ನೇಪಾಳದ, ಶ್ರೀಲಂಕಾದ ಒಂದು ಕಥೆಯನ್ನಾದರೂ ಓದಿ ಹೈಸ್ಕೂಲು ಮುಗಿಸುತ್ತಾರೆ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳ ಬಾವುಟ ಹಿಡಿದು, ಆ ದೇಶಗಳ ಉಡುಪು ತೊಟ್ಟು ಮೆರವಣಿಗೆ ಮಾಡುತ್ತೇವೆ. ನಾನು ಈ ವರ್ಷ ಜಪಾನ್ ಆಗಿದ್ದೆ. ಇದು ಜಾಗತಿಕ ಪೌರತ್ವವೇ?
— ಹತ್ತನೆಯ ತರಗತಿಯ ವಿದ್ಯಾರ್ಥಿನಿ

ಮಗೂ, ಉಡುಪು ತೊಟ್ಟಿದ್ದೀಯಲ್ಲ, ಅದು ಹೊಸ್ತಿಲು ಎಂದುಕೋ. ಒಳಗೆ ಹೋಗಲು ನಿನಗೊಂದು ಕಥೆ ಹೇಳುತ್ತೇನೆ.

ಹಿರೋಷಿಮಾದ ಶಾಂತಿ ಉದ್ಯಾನಕ್ಕೆ ಜಪಾನಿನ ಶಾಲಾ ಮಕ್ಕಳು ಪ್ರವಾಸ ಬರುತ್ತಾರೆ, ಕಾಗದದ ಕೊಕ್ಕರೆಗಳ ಮಾಲೆ ತಂದು ಮಕ್ಕಳ ಸ್ಮಾರಕಕ್ಕೆ ಅರ್ಪಿಸುತ್ತಾರೆ. 1945ರ ಆಗಸ್ಟ್ 6ರಂದು ಅಲ್ಲಿ ಬಿದ್ದ ಬಾಂಬಿಗೆ ಸತ್ತವರಲ್ಲಿ ಜಪಾನೀಯರು ಮಾತ್ರವಲ್ಲ, ಕೊರಿಯನ್ನರೂ ಸಾವಿರಾರು ಮಂದಿ ಇದ್ದರು. ಕೊರಿಯಾ ಆಗ ಜಪಾನಿನ ವಸಾಹತು. ದುಡಿಮೆಗೆಂದು ಬಂದವರು, ಬಲವಂತವಾಗಿ ಕರೆತಂದವರು ಆ ನಗರದಲ್ಲಿದ್ದರು. ಅವರಿಗಾಗಿ 1970ರಲ್ಲಿ ಒಂದು ಸ್ಮಾರಕ ಎದ್ದಿತು. ಆದರೆ ಅದು ನಿಂತದ್ದು ಶಾಂತಿ ಉದ್ಯಾನದ ಹೊರಗೆ. ಉದ್ಯಾನದ ಒಳಗೆ ಅದಕ್ಕೆ ಜಾಗ ಸಿಕ್ಕಿದ್ದು 1999ರಲ್ಲಿ. ಸತ್ತ ಮೇಲೂ ಹೊರಗಿನವರನ್ನು ಹೊರಗೇ ನಿಲ್ಲಿಸಿದ್ದು ಸರಿಯಲ್ಲ ಎಂದು ಅನ್ನಿಸಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಹಿರೋಷಿಮಾದ ಇತಿಹಾಸ ಶಿಕ್ಷಕರೊಬ್ಬರು ಇದನ್ನು ನನಗೆ ಹೇಳುವಾಗ ಅವರ ಎದುರಿಗೆ ಕೊರಿಯಾದ ಶಿಕ್ಷಕಿ ಕುಳಿತಿದ್ದರು. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ತಮ್ಮ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಎರಡೂ ಸ್ಮಾರಕಗಳ ಮುಂದೆ ನಿಲ್ಲಿಸುತ್ತೇನೆ ಎಂದು ಆಮೇಲೆ ಹಿರೋಷಿಮಾದ ಆ ಶಿಕ್ಷಕರು ಹೇಳಿದರು.

ಇನ್ನೊಂದು ವಿಷಯ. 2005ರಲ್ಲಿ ಜಪಾನ್, ಚೀನಾ, ಕೊರಿಯಾದ ಇತಿಹಾಸಕಾರರು ಮತ್ತು ಶಿಕ್ಷಕರು ಕೂಡಿ ಪೂರ್ವ ಏಷ್ಯಾದ ಆಧುನಿಕ ಇತಿಹಾಸವನ್ನು ಮಕ್ಕಳಿಗಾಗಿ ಬರೆದು ಮೂರೂ ಭಾಷೆಗಳಲ್ಲಿ ಒಟ್ಟಿಗೆ ಪ್ರಕಟಿಸಿದರು. ಸರ್ಕಾರಗಳು ಬರೆಸಿದ್ದಲ್ಲ ಅದು, ಪೂರಕ ಓದಿಗೆಂದು ಅವರೇ ಬರೆದದ್ದು. ಪರಸ್ಪರ ಯುದ್ಧ ಮಾಡಿದ ಮೂರು ದೇಶಗಳವರು ಒಂದೇ ಪುಟದ ಮೇಲೆ ಒಪ್ಪಿಗೆಗೆ ಬರುವುದು ಎಷ್ಟು ಕಷ್ಟವಿದ್ದೀತು, ಯೋಚಿಸು. ಮುಂದಿನ ವರ್ಷ ಜಪಾನ್ ಆಗುವ ಹುಡುಗಿಗೆ ಉಡುಪಿನ ಜೊತೆ ಈ ಕಥೆಯನ್ನೂ ಕೊಡು. ಕೊರಿಯಾ ಆಗುವ ಹುಡುಗ ಅವಳಿಗೆ ಒಂದು ಪ್ರಶ್ನೆ ಕೇಳಲಿ.

ಪ್ರಶ್ನೆ: ನಿಮ್ಮ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ಯಾವ ದೇಶ ಮುಂದಿದೆ? ಅಳೆಯುವ ಮಾನದಂಡವೇನಾದರೂ ಇದೆಯೇ?
— ಶಿಕ್ಷಣಶಾಸ್ತ್ರದ ವಿದ್ಯಾರ್ಥಿ

ಅಳತೆಗಳಿವೆ. ಪೀಸಾ ವಿಷಯ ಮೇಲೆ ಹೇಳಿದೆ. 2019ರಲ್ಲಿ ಆಗ್ನೇಯ ಏಷ್ಯಾದ ಆರು ದೇಶಗಳು, ಅಂದರೆ ಕಾಂಬೋಡಿಯ, ಲಾವೋಸ್, ಮಲೇಷ್ಯಾ, ಮ್ಯಾನ್ಮಾರ್, ಫಿಲಿಪೀನ್ಸ್, ವಿಯೆಟ್ನಾಂ, ತಮ್ಮ ಐದನೆಯ ತರಗತಿಯ ಮಕ್ಕಳ ಓದು, ಬರಹ, ಗಣಿತದ ಜೊತೆಗೆ ಜಾಗತಿಕ ಪೌರತ್ವದ ಮನೋಭಾವವನ್ನೂ ಪ್ರಶ್ನಾವಳಿಯ ಮೂಲಕ ಅಳೆದವು. ಹತ್ತು–ಹನ್ನೊಂದು ವರ್ಷದ ಮಕ್ಕಳನ್ನು ಕೇಳಬೇಕೆಂದು ಅನ್ನಿಸಿತಲ್ಲ, ಅದೇ ದೊಡ್ಡದು. ಆದರೂ ನನ್ನ ಅಳತೆಗೋಲು ಬೇರೆ. ಹೊರಗಿನಿಂದ ಬಂದವರ ಮಗು ಶಾಲೆಯಲ್ಲಿ ಎಲ್ಲಿ ಕೂರುತ್ತದೆ ಎಂದು ನಾನು ನೋಡುತ್ತೇನೆ. ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಮಾತ್ರವಲ್ಲ, ದಿಕ್ಕಿಲ್ಲದವನು ಕೂಡ. ನಮ್ಮ ಹಿರಿಯರಿಗೆ ಆ ಎರಡು ಅರ್ಥಗಳ ನಂಟು ಗೊತ್ತಿತ್ತು.

ಮೊದಲು ಜಪಾನ್. ಅಲ್ಲಿನ ಸಂವಿಧಾನದ 26ನೇ ವಿಧಿ ಮಕ್ಕಳಿಗೆ ಶಿಕ್ಷಣ ಕೊಡಿಸುವ ಕರ್ತವ್ಯವನ್ನು ‘ಕೊಕುಮಿನ್’ಗೆ ವಹಿಸುತ್ತದೆ. ವಿದೇಶಿ ತಂದೆತಾಯಿ ಕೊಕುಮಿನ್ ಅಲ್ಲ. ಅವರು ಕೇಳಿಕೊಂಡರೆ ಸರ್ಕಾರಿ ಶಾಲೆ ಮಗುವನ್ನು ಉಚಿತವಾಗಿ ಸೇರಿಸಿಕೊಳ್ಳುತ್ತದೆ. ಕೇಳದಿದ್ದರೆ ಬಂದು ಬಾಗಿಲು ತಟ್ಟುವ ಹೊಣೆ ಬಹುಕಾಲ ಯಾರದೂ ಆಗಿರಲಿಲ್ಲ. 2019ರಲ್ಲಿ ಶಿಕ್ಷಣ ಸಚಿವಾಲಯ ಮೊದಲ ಬಾರಿಗೆ ದೇಶವ್ಯಾಪಿ ಎಣಿಕೆ ಮಾಡಿದಾಗ ಸುಮಾರು 20 ಸಾವಿರ ವಿದೇಶಿ ಮಕ್ಕಳು ಶಾಲೆಯಲ್ಲಿ ಇಲ್ಲದಿರಬಹುದು, ಅಥವಾ ಎಲ್ಲಿದ್ದಾರೆಂದೇ ತಿಳಿಯದು ಎಂದು ಗೊತ್ತಾಯಿತು. ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ದಶಕವೊಂದನ್ನು ಘೋಷಿಸಿ ಎಂದು ವಿಶ್ವಸಂಸ್ಥೆಯನ್ನು ಒಪ್ಪಿಸಿದ ದೇಶವಿದು. ಪ್ರಪಂಚಕ್ಕೆ ಪಾಠ ಕೊಟ್ಟ ದೇಶದಲ್ಲೇ ಅಷ್ಟು ಮಕ್ಕಳ ಲೆಕ್ಕ ತಪ್ಪಿತ್ತು. ಎಣಿಸಿ, ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರಿಗೆ ಗೌರವ ಸಲ್ಲಬೇಕು.

ಕೊರಿಯಾದಲ್ಲಿ ಬಹಳ ಕಾಲ ಪಠ್ಯಪುಸ್ತಕಗಳು “ನಮ್ಮದು ಒಂದೇ ರಕ್ತದ ಜನಾಂಗ” ಎಂದು ಹೆಮ್ಮೆಯಿಂದ ಕಲಿಸುತ್ತಿದ್ದವು. ವಸಾಹತು ಆಳ್ವಿಕೆ, ಆಮೇಲೆ ದೇಶದ ವಿಭಜನೆ, ಇವುಗಳ ನಡುವೆ ಆ ನಂಬಿಕೆ ಜನರನ್ನು ಬದುಕಿಸಿತ್ತು ಎಂಬುದೂ ನಿಜ. ಆದರೆ ಹಳ್ಳಿಗಳಲ್ಲಿ ವಿಯೆಟ್ನಾಂ, ಫಿಲಿಪೀನ್ಸ್, ಚೀನಾಗಳಿಂದ ಬಂದ ಸೊಸೆಯಂದಿರ ಮಕ್ಕಳು ಶಾಲೆಗೆ ಬರತೊಡಗಿದಾಗ ಆ ಪಾಠ ಕೇಳುವ ಮಗುವಿಗೆ ಏನನ್ನಿಸಬೇಕು? 2007ರಲ್ಲಿ ಜನಾಂಗೀಯ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಸಮಿತಿ ಈ ‘ಒಂದೇ ರಕ್ತ’ದ ಮಾತಿನ ಬಗ್ಗೆ ಕಳವಳ ಸೂಚಿಸಿತು. ಅದೇ ಕಾಲದ ಪಠ್ಯ ಪರಿಷ್ಕರಣೆಯಲ್ಲಿ ಆ ಮಾತು ಪುಸ್ತಕಗಳಿಂದ ಹೊರಬಿತ್ತು. 2008ರಲ್ಲಿ ಬಹುಸಂಸ್ಕೃತಿಯ ಕುಟುಂಬಗಳಿಗೆ ನೆರವಾಗುವ ಕಾಯಿದೆ ಬಂತು. ಇಂಥ ಕುಟುಂಬಗಳ ವಿದ್ಯಾರ್ಥಿಗಳು 2021ರ ಹೊತ್ತಿಗೆ ಒಂದೂವರೆ ಲಕ್ಷ ದಾಟಿದ್ದರು. ಕಷ್ಟ ಪೂರ್ತಿ ಕಳೆದಿಲ್ಲ. ‘ದಾಮುನ್ಹ್ವಾ’, ಅಂದರೆ ಬಹುಸಂಸ್ಕೃತಿ, ಎಂಬ ಒಳ್ಳೆಯ ಪದವೇ ಆ ಮಕ್ಕಳ ಹಣೆಗೆ ಅಂಟಿದ ಚೀಟಿಯಾಯಿತು ಎಂದು ನನ್ನ ಕೊರಿಯಾದ ಗೆಳತಿ ನೊಂದು ಹೇಳುತ್ತಿದ್ದರು.

ಭೂತಾನಿನ ಮಾತೂ ನೆನಪಿಗೆ ಬರುತ್ತದೆ. ಶಾಲೆಗಳಲ್ಲಿ ಧ್ಯಾನ, ಪರಿಸರ ಕಾಳಜಿ, ಒಟ್ಟು ರಾಷ್ಟ್ರೀಯ ಸಂತೋಷದ ತತ್ತ್ವ, ಎಲ್ಲವನ್ನೂ ಅವರು ಅಕ್ಕರೆಯಿಂದ ತಂದರು. ಅದಕ್ಕೆ ಎರಡು ದಶಕ ಮೊದಲು ಅದೇ ನಾಡಿನ ಶಾಲೆಗಳಿಂದ ನೇಪಾಳಿ ಭಾಷೆಯನ್ನು ತೆಗೆದುಹಾಕಿದ್ದರು. ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ಭೂತಾನ್ ತೊರೆಯಬೇಕಾಗಿ ಬಂದು ನೇಪಾಳದ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಈ ಎರಡನ್ನೂ ಒಟ್ಟಿಗೆ ನೆನೆಯದೆ ನನಗೆ ಭೂತಾನನ್ನು ಹೊಗಳಲಾಗದು.

ನನ್ನ ಮನಸ್ಸು ಗೆದ್ದದ್ದು ತೈವಾನ್. ಅಲ್ಲಿಯೂ ಆಗ್ನೇಯ ಏಷ್ಯಾದಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. ಒಂದು ಕಾಲಕ್ಕೆ ಆ ತಾಯಂದಿರು ಮಕ್ಕಳ ಜೊತೆ ತಮ್ಮ ಭಾಷೆಯಲ್ಲಿ ಮಾತನಾಡಲು ಹಿಂಜರಿಯುತ್ತಿದ್ದರು, ಗಂಡನ ಮನೆಯವರಿಗೂ ಅದು ಬೇಡವಾಗಿತ್ತು. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮ ಪ್ರಾಥಮಿಕ ಶಾಲೆಯ ಮಕ್ಕಳು ವಾರಕ್ಕೊಂದು ಪಿರಿಯಡ್ ಕಲಿಯಬೇಕಾದ ಭಾಷೆಗಳ ಆಯ್ಕೆಯಲ್ಲಿ ಸ್ಥಳೀಯ ಭಾಷೆಗಳ ಪಕ್ಕದಲ್ಲೇ ಏಳು ಹೊಸ ಭಾಷೆಗಳನ್ನು ಇಟ್ಟಿತು: ವಿಯೆಟ್ನಾಮೀ, ಇಂಡೊನೇಷ್ಯನ್, ಥಾಯ್, ಬರ್ಮೀ, ಖ್ಮೇರ್, ಮಲಯ, ಫಿಲಿಪಿನೊ. ಕಲಿಸಲು ಜನ ಬೇಕಲ್ಲವೇ? ತರಬೇತಿ ಪಡೆದು ಎಷ್ಟೋ ಮಂದಿ ಆ ತಾಯಂದಿರೇ ಬಂದರು. ಮನೆಯಲ್ಲಿ ಪಿಸುಗುಟ್ಟುತ್ತಿದ್ದ ಭಾಷೆಯನ್ನು ಅಮ್ಮ ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಮಗು ನೋಡುತ್ತದೆ. ಅದರ ಪಕ್ಕದ ಮಗು ಆ ಅಕ್ಷರವನ್ನು ನಕಲು ಮಾಡಿಕೊಳ್ಳುತ್ತದೆ. ಶಿಕ್ಷಕರ ಕೊರತೆ ಇದೆ, ಎಲ್ಲ ಶಾಲೆಗಳಲ್ಲೂ ಎಲ್ಲ ಭಾಷೆ ಸಿಗುವುದಿಲ್ಲ, ಮಾರುಕಟ್ಟೆಯ ಲೆಕ್ಕಾಚಾರವೂ ಇದರ ಹಿಂದೆ ಇದೆ. ಆದರೂ ನಾನು ಕಂಡ ಎಲ್ಲ ಪಠ್ಯಕ್ರಮಗಳಲ್ಲಿ ಜಾಗತಿಕ ಪೌರತ್ವ ಎಂಬ ದೊಡ್ಡ ಮಾತು ಇಷ್ಟು ಚಿಕ್ಕ, ಇಷ್ಟು ಖಚಿತವಾದ ರೂಪ ಪಡೆದದ್ದು ಬೇರೆಲ್ಲೂ ಇಲ್ಲ. ನೀವು ಪ್ರಬಂಧ ಬರೆಯುವುದಾದರೆ ಇದರ ಮೇಲೆ ಬರೆಯಿರಿ.

ಪ್ರಶ್ನೆ: ಮೇಡಂ, ನನ್ನದು ಪ್ರಾಥಮಿಕ ಶಾಲೆ. ನಲವತ್ತೆರಡು ಮಕ್ಕಳು, ಒಂದು ಗ್ಲೋಬ್, ಅದೂ ಮುರಿದಿದೆ. ನಾನು ಏನು ಮಾಡಬಹುದು?
— ಸಹ ಶಿಕ್ಷಕ

ನಾನು ಮಾಡದೇ ಬಿಟ್ಟದ್ದನ್ನು ಹೇಳುತ್ತೇನೆ. ಒಂದು ವರ್ಷ ಅಕ್ಟೋಬರ್ 24ರ ವಿಶ್ವಸಂಸ್ಥೆ ದಿನಕ್ಕೆ ನನ್ನ ಮಕ್ಕಳಿಂದ ಗೋಡೆಯಷ್ಟು ಅಗಲದ ಭೂಪಟ ಬರೆಸಿದ್ದೆ. ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಕಟ್ಟಡ ಕೆಲಸಕ್ಕೆಂದು ಒಡಿಶಾದಿಂದ ಬಂದಿದ್ದ ದಂಪತಿಯ ಮಗಳು ಕುಳಿತಿದ್ದಳು. ಅವಳಿಗೆ ನಮ್ಮ ಮಾತು ಬರುತ್ತಿರಲಿಲ್ಲ. ಮೂರು ತಿಂಗಳು ಅವಳು ನನ್ನ ಹಾಜರಿ ಪುಸ್ತಕದಲ್ಲಿದ್ದಳು, ಪಾಠದಲ್ಲಿ ಇರಲಿಲ್ಲ. ಕೆಲಸ ಮುಗಿದು ಅವರು ಹೋದ ಮೇಲೆ ಅವಳ ಬೆಂಚಿನ ಕೆಳಗೆ ಒಂದು ಹಾಳೆ ಸಿಕ್ಕಿತು. ನಮ್ಮ ಭೂಪಟವನ್ನು ನೋಡಿ ತಾನೂ ಬರೆದುಕೊಂಡಿದ್ದಳು, ಊರಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಒಡಿಯಾದಲ್ಲಿ ಏನೋ ಬರೆದಿದ್ದಳು. ಆ ಅಕ್ಷರಗಳನ್ನು ನನಗೆ ಓದಿ ಹೇಳುವವರು ಶಾಲೆಯಲ್ಲಿ ಯಾರೂ ಇರಲಿಲ್ಲ.

ನಿಮ್ಮ ನಲವತ್ತೆರಡು ಮಕ್ಕಳ ಮನೆಗಳಲ್ಲಿ ಯಾವ ಯಾವ ಭಾಷೆಗಳಿವೆ ಎಂದು ನಾಳೆ ಕೇಳಿ. ಪ್ರತಿ ಭಾಷೆಯಲ್ಲೂ ‘ನೀರು’ ಎಂಬುದಕ್ಕೆ ಏನೆನ್ನುತ್ತಾರೆ ಎಂದು ಆ ಮಗುವೇ ಬಂದು ಹಲಗೆಯ ಮೇಲೆ ಬರೆಯಲಿ. ಬರೆಯಲು ಬರದಿದ್ದರೆ ಹೇಳಲಿ, ನೀವು ಕನ್ನಡದಲ್ಲಿ ಬರೆಯಿರಿ, ಉಳಿದ ಮಕ್ಕಳು ಜೋರಾಗಿ ಓದಲಿ. ಆಮೇಲೆ ಆ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾ ಹೋಗಿ. ನೀರಿನಿಂದ ನದಿಗೆ, ನದಿಯಿಂದ ಗಡಿ ದಾಟಿದ ದೇಶಕ್ಕೆ ಮಾತು ತಾನೇ ಸಾಗುತ್ತದೆ. ಗ್ಲೋಬ್ ಆಗ ಬೇಕಾಗುತ್ತದೆ, ಮುರಿದಿದ್ದರೂ ನಡೆಯುತ್ತದೆ. ಯಾವ ಯಾವ ಪದಗಳು ಬಂದವು ಎಂದು ನನಗೆ ಬರೆದು ಕಳುಹಿಸಿ.